ಎಡಪುಟ, ಬಲಪುಟ

ಧಾರವಾಡ ಎಂದರೆ ನಮ್ಮವರಿಗೆ ಬೇಂದ್ರೆಯವರ ಸಾಧನಕೇರಿ, ಮಲ್ಲಿಕಾರ್ಜುನ ಮನ್ಸೂರರ ಸ್ವರ, ಪೇಡೆ, ಬಿಡದೆ ಹಿಡಿಯುವ ಜಿಟಿಜಿಟಿ ಮಳೆ. ಈ ಊರನ್ನು ಒಮ್ಮೆಯೂ ನೋಡದವರ ಬಾಯಲ್ಲೂ, ದೂರದ ದೇಶಗಳ ವಿಶ್ವವಿದ್ಯಾಲಯಗಳಲ್ಲೂ, ಇದರ ಹೆಸರು ಓಡಾಡುತ್ತದೆ. ಅವರಿಗೆ ಧಾರವಾಡ ಎಂದರೆ ಕಲ್ಲು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ದಕ್ಷಿಣ ಭಾರತದ ಅತಿ ಹಳೆಯ ಶಿಲೆಗಳ ಒಂದು ದೊಡ್ಡ ಸಮೂಹವನ್ನು ಗುರುತಿಸಿ ಅದಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟರು. ಕೋಲಾರದ ಮತ್ತು ಹಟ್ಟಿಯ ಚಿನ್ನ, ಸಂಡೂರಿನ ಕಬ್ಬಿಣದ ಅದಿರು, ಗದಗಿನ ಕಪ್ಪತಗುಡ್ಡ, ಎಲ್ಲವೂ ಆ ಶಿಲಾಪಟ್ಟಿಗಳಿಗೆ ಸೇರಿದವು. ಅವುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚು.

ಆ ಕಲ್ಲುಗಳನ್ನು ಓದುವುದನ್ನು ನನ್ನ ಅಪ್ಪ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಕಲಿಸಿದರು.

ರೋಣ ತಾಲೂಕಿನ ಒಕ್ಕಲು ಮನೆತನ ನಮ್ಮದು. ಅಪ್ಪನಿಗಿಂತ ಮುಂಚೆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ. 1949ರಲ್ಲಿ ಮುಂಬಯಿಯಲ್ಲಿ ಶುರುವಾದ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂದಿತು. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದು ಅದನ್ನು ಗುಡ್ಡದ ಮೇಲೆ ಕಟ್ಟಿ ನಿಲ್ಲಿಸಿದರು. ಅದಕ್ಕೂ ಮೊದಲು ಈ ಕಡೆಯ ಹುಡುಗರು ಎಂ.ಎ., ಎಂ.ಎಸ್ಸಿ. ಎಂದರೆ ಪುಣೆ, ಮುಂಬಯಿಯ ಕಡೆ ನೋಡಬೇಕಿತ್ತು. ರೋಣದ ಎರಿಹೊಲದಿಂದ ಒಬ್ಬ ಹುಡುಗ ಧೋತರದ ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಅರ್ಧ ದಿನದಲ್ಲಿ ತಲುಪುವಷ್ಟು ಹತ್ತಿರ ಒಂದು ವಿಶ್ವವಿದ್ಯಾಲಯ ಇದ್ದದ್ದರಿಂದಲೇ ಅಪ್ಪ ಓದಿದ್ದು. ಆ ಋಣದ ಅರಿವು ಅವರಿಗೆ ಕೊನೆಯತನಕ ಇತ್ತು.

ಅಪ್ಪ ತೀರಿಕೊಂಡ ಮೇಲೆ ಅವರ ಬಗ್ಗೆ ಬರೆಯಲು ಕೂತಾಗೆಲ್ಲ ನನ್ನ ಕೈ ತಡೆಯುವುದು ಅವರೇ ಕಲಿಸಿದ ಒಂದು ಕಟ್ಟುಪಾಡು. ಫೀಲ್ಡಿಗೆ ಹೋಗುವ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ಕು ಇರಬೇಕು. ತೆರೆದಾಗ ಎಡಪುಟ ಕಂಡದ್ದಕ್ಕೆ, ಬಲಪುಟ ಅನಿಸಿದ್ದಕ್ಕೆ. ಕಲ್ಲಿನ ಬಣ್ಣ, ಹರಳಿನ ಗಾತ್ರ, ಪದರ ಯಾವ ದಿಕ್ಕಿಗೆ ಎಷ್ಟು ಡಿಗ್ರಿ ಇಳಿದಿದೆ, ಸುತ್ತಿಗೆಯಿಂದ ಹೊಡೆದರೆ ಹೇಗೆ ಒಡೆಯುತ್ತದೆ, ಆಸಿಡ್ ಹಾಕಿದರೆ ನೊರೆ ಬರುತ್ತದೆಯೋ ಇಲ್ಲವೋ, ಇವೆಲ್ಲ ಎಡಕ್ಕೆ. ಇದು ಸುಣ್ಣದ ಕಲ್ಲು, ಇಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು ಎಂಬಂಥ ಮಾತೆಲ್ಲ ಬಲಕ್ಕೆ. "ಎಡಗಡೆ ತುಂಬೂತನಕ ಬಲಗಡೆ ಪೆನ್ನ ಹಚ್ಚಬ್ಯಾಡ್ರಪಾ" ಎನ್ನುತ್ತಿದ್ದರು. ಹೆಸರು ಹೇಳುವ ಅವಸರ ಅವರಿಗೆ ಸೇರುತ್ತಿರಲಿಲ್ಲ. ಒಮ್ಮೆ ಹೆಸರಿಟ್ಟೆವೆಂದರೆ ಕಣ್ಣು ನೋಡುವುದನ್ನು ನಿಲ್ಲಿಸಿಬಿಡುತ್ತದೆ ಎಂಬುದು ಅವರ ನಂಬಿಕೆ.

ಹಾಗಾದರೆ ಅಪ್ಪನ ಎಡಪುಟದಲ್ಲಿ ನಾನು ಏನು ಬರೆಯಬಲ್ಲೆ? ದೊಡ್ಡ ಮನುಷ್ಯ, ಮಹಾ ಗುರು, ಪ್ರೀತಿಯ ತಂದೆ ಎಂಬುದೆಲ್ಲ ಬಲಪುಟದ ಮಾತು. ಮೊದಲು ಕಂಡದ್ದನ್ನು ಹೇಳುತ್ತೇನೆ.

ಹೊಸ ವರ್ಷದ ಮೊದಲ ತರಗತಿಯನ್ನು ಅವರು ಒಂದೇ ಪ್ರಶ್ನೆಯಿಂದ ಶುರುಮಾಡುತ್ತಿದ್ದರೆಂದು ಅವರ ವಿದ್ಯಾರ್ಥಿಗಳೆಲ್ಲ ಹೇಳುತ್ತಾರೆ: "ನಿಮ್ಮ ಹೊಲ ಎರಿನೋ, ಮಸಾರಿನೋ?" ನವಲಗುಂದ, ರೋಣ, ಸವದತ್ತಿ, ಹಾವೇರಿ ಕಡೆಯಿಂದ ಬಂದ ಹುಡುಗರು ಇಂಗ್ಲಿಷ್ ಪುಸ್ತಕ ನೋಡಿಯೇ ಬೆದರಿ ಕೂತಿರುತ್ತಿದ್ದರು. ಈ ಪ್ರಶ್ನೆಗೆ ಮಾತ್ರ ಎಲ್ಲರ ಕೈ ಮೇಲೇಳುತ್ತಿತ್ತು. ಎರಿಯೆಂದವರನ್ನು ಒಂದು ಕಡೆ, ಮಸಾರಿಯೆಂದವರನ್ನು ಇನ್ನೊಂದು ಕಡೆ ಕೂರಿಸಿ, ಹೊಲ ಯಾವ ಊರಲ್ಲಿದೆ ಎಂದು ಬೋರ್ಡಿನ ಮೇಲೆ ಗುರುತು ಮಾಡುತ್ತ ಹೋದರೆ ಅರ್ಧ ಗಂಟೆಯಲ್ಲಿ ಒರಟಾದ ಒಂದು ನಕ್ಷೆ ಮೂಡುತ್ತಿತ್ತು. ಕಪ್ಪು ಮಣ್ಣು ಎಲ್ಲಿಂದ ಎಲ್ಲಿಗೆ, ಕೆಂಪು ಎಲ್ಲಿಂದ. ಅಡಿಯಲ್ಲಿ ಯಾವ ಕಲ್ಲಿದೆ ಎಂಬುದು ಆಮೇಲಿನ ಪಾಠ. ತಾವು ಉಳುವ ಮಣ್ಣಿನ ಬಗ್ಗೆ ತಮಗೆ ಗೊತ್ತಿರುವುದೂ ವಿದ್ಯೆಯೇ ಎಂದು ಆ ಮಕ್ಕಳಿಗೆ ಮೊದಲ ದಿನವೇ ತಿಳಿಯುತ್ತಿತ್ತು. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು, ಅದರಿಂದ ಬಿಡುಗಡೆ ಇರಲಿಲ್ಲ. ಅಪ್ಪ ಕನ್ನಡದಲ್ಲಿ ವಿವರಿಸಿ, ಇಂಗ್ಲಿಷಿನಲ್ಲಿ ಬರೆಸಿ, ತಪ್ಪು ತಿದ್ದಿ, ಮತ್ತೆ ಬರೆಸುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಸಂಜೆಗಳು ಹೀಗೇ ಕಳೆಯುತ್ತಿದ್ದವು. ಅವ್ವ ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿದ್ದೇ ಕಡಿಮೆ.

ಬಾದಾಮಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಒಮ್ಮೆ ನಾನೂ ಹೋಗಿದ್ದೆ. ಆಗ ನಾನಿನ್ನೂ ಸಣ್ಣವಳು. 578ರಲ್ಲಿ ಮಂಗಳೇಶ ಕೊರೆಸಿದ ಮೂರನೆಯ ಗುಹೆಯೊಳಗೆ ಜನ ಅನಂತನ ಮೇಲೆ ಕುಳಿತ ವಿಷ್ಣುವನ್ನು ನೋಡುತ್ತಿದ್ದರು. ಅಪ್ಪನೂ ಮೊದಲು ನೋಡಿದರು, ಕೈ ಮುಗಿದರು. ಆಮೇಲೆ ಹುಡುಗರನ್ನು ಕರೆದು ಕಂಬದ ಮೇಲಿನ ಗೆರೆಗಳನ್ನು ತೋರಿಸಿದರು. ಕೆಂಪು, ನಸುಗೆಂಪು, ತಿಳಿಹಳದಿ ಗೆರೆಗಳು ಶಿಲ್ಪಿಯ ಉಳಿಗೆ ಸಂಬಂಧವಿಲ್ಲದೆ ಕಂಬದ ಉದ್ದಕ್ಕೂ ಹಾದುಹೋಗಿದ್ದವು. ಹೊರಗಿನ ಬಂಡೆಯ ಮುಖದಲ್ಲಿ ಅವೇ ಪದರಗಳು ಕೆಲವೆಡೆ ನೆಟ್ಟಗೆ ಮಲಗಿರದೆ ಒಂದೇ ಕಡೆಗೆ ಓರೆಯಾಗಿ ಬಾಗಿದ್ದವು. ಹುಡುಗರು ಆ ಓರೆಯ ಕೋನ ಅಳೆದರು, ದಿಕ್ಕು ಬರೆದುಕೊಂಡರು, ಮರಳಿನ ಕಣವನ್ನು ಲೆನ್ಸಿನಲ್ಲಿ ನೋಡಿದರು. ಬಿಸಿಲು ನೆತ್ತಿಗೇರುವವರೆಗೂ ಎಡಪುಟವೇ ತುಂಬಿತು. ಕೊನೆಗೆ ಒಬ್ಬ ಹುಡುಗ ಅಂಜುತ್ತಲೇ, "ಸರ, ನೀರ ಹರದು ಮರಳ ಹಿಂಗ ಕುಂತಿರಬೇಕ್ರಿ" ಎಂದ. ಅಪ್ಪ ಮಾತಾಡದೆ ಅವನ ನೋಟ್‌ಬುಕ್ಕು ಇಸಿದುಕೊಂಡು, ಬಲಪುಟ ತೆರೆದು ಅವನ ಕೈಗೆ ಕೊಟ್ಟರು. ಚಾಲುಕ್ಯರಿಗಿಂತ ಎಷ್ಟೋ ಕೋಟಿ ವರ್ಷ ಮುಂಚೆ ಅಲ್ಲಿ ನದಿಗಳು ಹರಿದು ಮರಳು ಸುರಿದಿದ್ದವು. ಆ ಮರಳೇ ಗಟ್ಟಿಯಾಗಿ ಬಾದಾಮಿಯ ಗುಡ್ಡವಾಯಿತು. ಮಂಗಳೇಶನ ಶಿಲ್ಪಿಗಳು ವಿಷ್ಣುವನ್ನು ಕಡೆದದ್ದು ಒಂದು ನದಿಯ ತಳದಲ್ಲಿ. ಇದನ್ನು ಅಪ್ಪ ಮೊದಲೇ ಹೇಳಿಬಿಡಬಹುದಿತ್ತು. ಐದು ನಿಮಿಷದ ಮಾತು. ಆ ಹುಡುಗ ತಾನೇ ಕಂಡುಕೊಳ್ಳಲಿ ಎಂದು ಅವರು ಇಡೀ ಬೆಳಗು ಬಾಯಿ ಕಟ್ಟಿಕೊಂಡು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿಳಿದವನಿಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ದೊಡ್ಡವಳಾದ ಮೇಲೆ ನನಗೆ ಗೊತ್ತಾಗಿದೆ. ಕಲಿಸುವ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಔದಾರ್ಯವನ್ನು ನಾನು ಬೇರೆ ನೋಡಿಲ್ಲ.

ಅಂದು ನಾನು ಮೆಟ್ಟಿಲ ಹತ್ತಿರ ಬಿದ್ದಿದ್ದ ಒಂದು ಚೂರು ಕಲ್ಲು ಹೆಕ್ಕಿಕೊಂಡೆ. ಅದರ ಮೇಲೆ ಎರಡು ಬಣ್ಣದ ಗೆರೆಯಿತ್ತು, ಅಷ್ಟೇ. ಮನೆಗೆ ಬಂದ ಮೇಲೆ ಅಪ್ಪ ಅದನ್ನು ತೊಳೆದು, ಒಂದು ಮೂಲೆಗೆ ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಕರಿ ಶಾಯಿಯಲ್ಲಿ ನಂಬರು ಬರೆದರು. ರಿಜಿಸ್ಟರಿನಲ್ಲಿ ಸ್ಥಳ, ತಾರೀಖು, ಶಿಲೆ ಎಂಬ ಕಾಲಂಗಳಾದ ಮೇಲೆ "ಸಂಗ್ರಹಿಸಿದವರು" ಎಂಬ ಕಾಲಂ ಇರುತ್ತದೆ. ಅಲ್ಲಿ ಅವರು ನನ್ನ ಪೂರ್ತಿ ಹೆಸರು ಬರೆದರು. ಮೇಲಿನ ಸಾಲುಗಳಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳ, ಸಂಶೋಧಕರ ಹೆಸರುಗಳು, ಕೆಳಗಿನ ಸಾಲಿನಲ್ಲಿ ನನ್ನದು, ಅದೇ ಅಕ್ಷರ, ಅದೇ ಗಾತ್ರ. "ನೀನ ಆರಿಸಿದ್ದಲ್ಲವಾ" ಎಂದರು, ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಕಲ್ಲನ್ನು ಪಾರದರ್ಶಕ ಮಾಡುವುದನ್ನು ನಾನು ನೋಡಿದ್ದೂ ಅವರ ಪ್ರಯೋಗಶಾಲೆಯಲ್ಲೇ. ಥಿನ್ ಸೆಕ್ಷನ್ ಎನ್ನುತ್ತಾರೆ. ಕಲ್ಲಿನ ಒಂದು ಬಿಲ್ಲೆಯನ್ನು ವಜ್ರದ ಗರಗಸದಲ್ಲಿ ಕೊಯ್ದು, ಒಂದು ಮೈಯನ್ನು ನುಣುಪು ಮಾಡಿ, ಕೆನಡಾ ಬಾಲ್ಸಮ್ ಎಂಬ ಅಂಟನ್ನು ಕಾಯಿಸಿ ಗಾಜಿನ ಸ್ಲೈಡಿಗೆ ಅಂಟಿಸಬೇಕು. ಆಮೇಲೆ ದಪ್ಪ ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ, ಒಂದಿಷ್ಟು ನೀರು ಹಾಕಿ ಬೆರಳ ತುದಿಯಲ್ಲಿ ಒತ್ತಿ ಉಜ್ಜುತ್ತ ಹೋಗಬೇಕು. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಇನ್ನೂ ಸಣ್ಣದು. ಉಜ್ಜಿ ಉಜ್ಜಿ ಕಲ್ಲು 0.03 ಮಿಲಿಮೀಟರಿಗೆ ಇಳಿಯಬೇಕು. ಹೆಚ್ಚು ಒತ್ತಿದರೆ ಕೊನೆಯ ಗಳಿಗೆಯಲ್ಲಿ ಪೂರ್ತಿ ಮಾಯವಾಗುತ್ತದೆ, ದಿನದ ಕೆಲಸ ನೀರಿನಲ್ಲಿ ಹೋದಂತೆಯೇ. ಸರಿಯಾದ ದಪ್ಪ ಬಂದಿದೆಯೆಂದು ತಿಳಿಯುವುದು ಕ್ವಾರ್ಟ್ಜ್ ಹರಳಿನಿಂದ: ಅಡ್ಡ ಹಾಕಿದ ಎರಡು ಪೋಲರಾಯ್ಡುಗಳ ನಡುವೆ ಅದು ಹಳದಿ ಛಾಯೆ ತೋರಿಸಿದರೆ ಇನ್ನೂ ದಪ್ಪವಿದೆ ಎಂದರ್ಥ, ಬೂದು-ಬಿಳಿಗೆ ತಿರುಗಿದರೆ ಸಾಕು.

ಬೆಳಗಾವಿಯ ಕಡೆಯಿಂದ ತಂದ ಕರಿಕಲ್ಲಿನ ಒಂದು ಸ್ಲೈಡನ್ನು ಅಪ್ಪ ಸೂಕ್ಷ್ಮದರ್ಶಕದ ಅಡಿಗಿಟ್ಟು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಹೊರಗಿನಿಂದ ಕರಿಯೆಂದರೆ ಬರೀ ಕರಿ. ಒಳಗೆ ನೋಡಿದರೆ ಕಪ್ಪು-ಬಿಳಿ ಪಟ್ಟೆಯ ಸಣ್ಣ ಸಣ್ಣ ಕಡ್ಡಿಗಳು, ಅವುಗಳ ನಡುವೆ ನೀಲಿ, ಕಿತ್ತಳೆ, ನೇರಳೆ ಬಣ್ಣದ ಹರಳುಗಳು. ಅಪ್ಪ ಕೆಳಗಿನ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರು, ಬಣ್ಣಗಳೆಲ್ಲ ಆರಿ ಮತ್ತೆ ಹೊತ್ತಿಕೊಂಡವು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದು ತಣಿದ ಲಾವಾ ಅದು. ಧಾರವಾಡದ ಕಲ್ಲಿನ ವಯಸ್ಸಿನ ಮುಂದೆ ಮೊನ್ನೆಯದು. ನಮ್ಮ ಊರಿಂದ ಬೆಳಗಾವಿಗೆ ಬಸ್ಸಿನಲ್ಲಿ ಕೂತವರು ಒಂದೂವರೆ ಗಂಟೆಯಲ್ಲಿ ಅಷ್ಟು ಕಾಲವನ್ನು ದಾಟಿ ಹೋಗುತ್ತಾರೆ.

ಆ ಸ್ಲೈಡುಗಳನ್ನು ಮಾಡುತ್ತಿದ್ದವರು ಲ್ಯಾಬಿನ ಅಟೆಂಡರ್. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು, ಬೆರಳ ತುದಿಯ ಗೆರೆಗಳು ಸವೆದುಹೋಗಿದ್ದವು. ಅವರು ಉಜ್ಜಿದ ಸೆಕ್ಷನ್ನಿನ ಹದವನ್ನು ಯಂತ್ರದಿಂದಲೂ ತರಲಾಗುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ತಮ್ಮ ಕೈಕೆಳಗೆ ಪಿಎಚ್‌ಡಿ ಮಾಡಿದ ಪ್ರತಿಯೊಬ್ಬರೂ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲು ಆ ಅಟೆಂಡರ್ ಮಾಮಾನ ಹೆಸರು ಬರೆಯಬೇಕು, ಗೈಡ್ ಹೆಸರು ಆಮೇಲೆ. ಈ ಮಾತಿನಲ್ಲಿ ಅಪ್ಪ ಯಾರಿಗೂ ರಿಯಾಯಿತಿ ಕೊಡಲಿಲ್ಲ.

ಇನ್ನು ಬಲಪುಟದ ಮಾತು.

ಬಾಲ್ಯದಲ್ಲಿ ನನಗೆ ಅಪ್ಪನ ಮೇಲೆ ಒಂದು ನೋವಿತ್ತು. ಡಿಸೆಂಬರ್ ಬಂದರೆ ಅವರು ಚಿತ್ರದುರ್ಗಕ್ಕೋ ಸಂಡೂರಿಗೋ ಹುಡುಗರ ಜೊತೆ ಹೊರಟುಬಿಡುತ್ತಿದ್ದರು. ಸಂಜೆ ಮನೆಯಲ್ಲಿದ್ದರೂ ಪಡಸಾಲೆಯಲ್ಲಿ ಬೇರೆಯವರ ಮಕ್ಕಳು. ನನ್ನ ಪಾಲಿನ ಅಪ್ಪನನ್ನು ಊರಿನವರೆಲ್ಲ ಹಂಚಿಕೊಂಡರು ಅನಿಸುತ್ತಿತ್ತು. ನಮ್ಮ ಕಡೆಯ ಅಪ್ಪಂದಿರು ಮಕ್ಕಳನ್ನು ಎದುರಿಗೆ ಹೊಗಳುವವರಲ್ಲ, ಮುದ್ದು ಮಾಡುವವರೂ ಅಲ್ಲ. ಹಾಗಾಗಿ ಆ ನೋವು ಬಹಳ ವರ್ಷ ನನ್ನೊಳಗೇ ಉಳಿಯಿತು. ಈಗ ಅವರ ಪದ್ಧತಿಯಲ್ಲೇ ಎರಡು ಪುಟ ತೆರೆದಿಟ್ಟು ನೋಡುತ್ತೇನೆ. ಮನೆಯಲ್ಲಿರಲಿಲ್ಲ ಎಂಬುದು ಎಡಪುಟಕ್ಕೆ ಸೇರಿದ್ದು, ಅದು ನಿಜ, ಅಳಿಸುವುದಿಲ್ಲ. ಪ್ರೀತಿ ಕಡಿಮೆಯಿತ್ತು ಎಂಬುದು ನಾನು ಬಲಪುಟದಲ್ಲಿ ಬರೆದುಕೊಂಡದ್ದು. ಅದೇ ಎಡಪುಟದಲ್ಲಿ ಇನ್ನೂ ಕೆಲವು ಸಂಗತಿಗಳಿವೆ: ರಿಜಿಸ್ಟರಿನಲ್ಲಿ ನನ್ನ ಹೆಸರು, ಸ್ಟೂಲಿನಿಂದ ಬೀಳದಂತೆ ನನ್ನ ಬೆನ್ನಿಗೆ ಹಿಡಿದ ಕೈ, ಪ್ರತಿ ಪ್ರವಾಸದಿಂದ ಬರುವಾಗ ಚೀಲದ ಅಡಿಯಲ್ಲಿ ಕಾಗದ ಸುತ್ತಿ ನನಗೆಂದು ತಂದ ಒಂದು ಕಲ್ಲು. ನಾನು ಭೂವಿಜ್ಞಾನ ಓದಲಿಲ್ಲ, ಬ್ಯಾಂಕಿಗೆ ಸೇರಿದೆ. ಒಂದು ಮಾತೂ ಆಡಲಿಲ್ಲ ಅವರು. ನೇಮಕದ ಪತ್ರ ಬಂದ ದಿನ ಅದನ್ನು ಪೂರ್ತಿ ಓದಿ, ಮಡಿಸಿ, ತಮ್ಮ ಫೀಲ್ಡ್ ನೋಟ್‌ಬುಕ್ಕುಗಳ ಕಪಾಟಿನಲ್ಲಿಟ್ಟರು. ಅದು ಈಗಲೂ ಅಲ್ಲೇ ಇದೆ. ಇಷ್ಟು ಕಂಡ ಮೇಲೆ ಬಲಪುಟದಲ್ಲಿ ನಾನು ಮೊದಲು ಬರೆದದ್ದು ನಿಲ್ಲುವುದಿಲ್ಲ.

ನಿವೃತ್ತರಾದ ಮೇಲೂ ಅವರು ಆಕಾಶವಾಣಿಯಲ್ಲಿ ಮಾತಾಡಿದರು, ಮಕ್ಕಳ ವಿಜ್ಞಾನ ಪತ್ರಿಕೆಗಳಿಗೆ ಬರೆದರು, ಹೈಸ್ಕೂಲು ಮಾಸ್ತರರಿಗೆ ಕಲ್ಲು ಗುರುತಿಸುವುದನ್ನು ಹೇಳಿಕೊಟ್ಟರು. ಕಾಯಿಲೆ ಬಂದದ್ದು, ಹೋದದ್ದು ಎಲ್ಲ ಒಂದು ಮಳೆಗಾಲದೊಳಗೆ ಮುಗಿಯಿತು.

ಅಪ್ಪನ ಮಣ್ಣಿಗೆ ಬಂದವರಲ್ಲಿ ಅರ್ಧದಷ್ಟು ಜನರ ಮುಖ ನನಗೆ ಗೊತ್ತಿರಲಿಲ್ಲ. ಹಟ್ಟಿ ಗಣಿಯಿಂದ ಒಬ್ಬರು, ದೋಣಿಮಲೈಯಿಂದ ಒಬ್ಬರು, ಹಳ್ಳಿಯ ಮಾಸ್ತರರು, ಬೋರ್‌ವೆಲ್‌ಗೆ ನೀರು ತೋರಿಸುವ ಕೆಲಸದವರು. ಕೊನೆಯವರೊಬ್ಬರು ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೂತರು. ನಮ್ಮ ಗಟ್ಟಿಕಲ್ಲಿನ ನಾಡಿನಲ್ಲಿ ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಸಾವಿರ ಅಡಿ ಇಳಿದರೂ ಬರೀ ಹುಡಿ. ರೈತ ಸಾಲ ತಂದು ನಿಂತಿರುತ್ತಾನೆ. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರು ಅಲ್ಲೇ ಇರುತ್ತಾರೆ, ಮಷಿನ್ನಿನವರು ಅವಸರ ಮಾಡುತ್ತಾರೆ. "ಅಕ್ಕಾರ, ಅಂಥಲ್ಲಿ ನಿಂತು ಇಲ್ಲಿ ನೀರ ಇಲ್ಲ ಅಂತ ಹೇಳೂದು ಭಾಳ ಕಠಿಣರಿ. ರೈತ ಬೈತಾನ, ನಮ್ಮ ಪಗಾರಾನೂ ಹೊಕ್ಕತಿ. ಆದರ ಎಡಗಡೆ ಪುಟದಾಗ ಇಲ್ಲದ್ದನ್ನ ಬಲಗಡೆ ಬರೀಬ್ಯಾಡ ಅಂದಿದ್ರಲ್ಲ ಸರು. ಅದೊಂದ ಮಾತಿಗೆ ಎಷ್ಟ ಮಂದಿ ಸಾಲ ಉಳದೈತಿ, ನಿಮಗ ಗೊತ್ತಿಲ್ಲ."

ಅವರು ಹೋದ ಮೇಲೆ ನಾನು ಬಹಳ ಹೊತ್ತು ಯೋಚಿಸಿದೆ. ಕಂಡದ್ದನ್ನೂ ಅನಿಸಿದ್ದನ್ನೂ ಬೇರೆಬೇರೆ ಇಡುವುದು ವಿಜ್ಞಾನದ ಒಂದು ಶಿಸ್ತು ಎಂದಷ್ಟೇ ನಾನು ತಿಳಿದಿದ್ದೆ. ಬಡವನ ದುಡ್ಡು ಕಾಯುವ ಕೆಲಸವನ್ನೂ ಅದು ಮಾಡುತ್ತದೆ. ಅಪ್ಪ ಬರೆದ ಲೇಖನಗಳನ್ನು ಇಂದು ಓದುವವರು ಕಡಿಮೆ, ಶಾಸ್ತ್ರ ಮುಂದೆ ಹೋಗಿದೆ, ಹೋಗಬೇಕಾದದ್ದೇ. ಅವರು ಕೊಟ್ಟ ಅಭ್ಯಾಸ ಮಾತ್ರ ಯಾವುದೋ ಹೊಲದ ಬದುವಿನಲ್ಲಿ, ಅವರ ಹೆಸರೂ ಗೊತ್ತಿಲ್ಲದ ರೈತನ ಪರವಾಗಿ ಇವತ್ತೂ ದುಡಿಯುತ್ತಿದೆ.

ಅವರ ಕಲ್ಲುಗಳನ್ನು ಹೊಂದಿಸಿಡುವಾಗ ಕಂಡ ಇನ್ನೊಂದು ಸಂಗತಿ ಹೇಳಬೇಕು. ಕಲ್ಲಿನ ಹೆಸರು ತಪ್ಪಾಗಿತ್ತೆಂದು ಗೊತ್ತಾದರೆ ಅಪ್ಪ ಹಳೆಯ ಚೀಟಿ ಕಿತ್ತು ಹಾಕುತ್ತಿರಲಿಲ್ಲ. ಒಂದು ಗೆರೆ ಎಳೆದು, ಅಕ್ಷರ ಕಾಣುವಂತೆಯೇ ಬಿಟ್ಟು, ಕೆಳಗೆ ಹೊಸ ಚೀಟಿ ಅಂಟಿಸಿ ತಾರೀಖು ಹಾಕುತ್ತಿದ್ದರು. ಹೀಗೆ ಎಷ್ಟೋ ಕಲ್ಲುಗಳ ಮೇಲೆ ಎರಡು ಚೀಟಿ. ಒಂದರ ಮೇಲೆ ಮೂರಿದ್ದವು. ಮೊದಲೆರಡು ಅಪ್ಪನ ಕೈಬರಹ, ಎರಡಕ್ಕೂ ಅಡ್ಡಗೆರೆ. ಮೂರನೆಯದು ಯಾರೋ ವಿದ್ಯಾರ್ಥಿಯದು, ಅಕ್ಷರ ಇನ್ನೂ ಪಳಗಿರಲಿಲ್ಲ. ಅದರ ಪಕ್ಕದಲ್ಲಿ ಅಪ್ಪನ ಸಣ್ಣ ಅಕ್ಷರದಲ್ಲಿ ಒಂದೇ ಶಬ್ದ: "ಸರಿ". ವಿದ್ಯಾರ್ಥಿ ತನ್ನನ್ನು ತಿದ್ದಿದ ಎಂಬುದನ್ನು ಮುಂದೆ ಬರುವವರೆಲ್ಲ ನೋಡಲಿ ಎಂದು ಒಬ್ಬ ಪ್ರಾಧ್ಯಾಪಕ ಉಳಿಸಿದ ಆ ಚೀಟಿ ಅವರಿಗೆ ಸಂದ ಸನ್ಮಾನಗಳಿಗಿಂತ ದೊಡ್ಡದೆಂದು ನಾನು ಎಣಿಸುತ್ತೇನೆ.

ಇಂದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಿವೃತ್ತರಾದವರ ಜಾಗಗಳು ವರ್ಷಗಟ್ಟಲೆ ಖಾಲಿ ಉಳಿಯುತ್ತಿವೆ. ಅತಿಥಿ ಉಪನ್ಯಾಸಕರು ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ತಿಳಿಯದೆ ಪಾಠ ಮಾಡುತ್ತಾರೆ. ಅಂಥವರಿಗೆ ಒಬ್ಬ ಹುಡುಗನ ಬಾಯಿಂದ ಒಂದು ಮಾತು ಬರಲೆಂದು ಇಡೀ ಬೆಳಗು ಕಾಯುವ ಪುರಸೊತ್ತು ಎಲ್ಲಿಂದ ಬರಬೇಕು? ಅಪ್ಪನಿಗೆ ಆ ಪುರಸೊತ್ತು ಇದ್ದದ್ದು ಅವರ ದೊಡ್ಡತನದಿಂದ ಮಾತ್ರವಲ್ಲ. ಕಾಯಂ ನೌಕರಿ, ತಿಂಗಳಿಗೆ ಸರಿಯಾಗಿ ಬರುವ ಪಗಾರ, ಫೀಲ್ಡಿಗೆ ಬಸ್ಸು, ಸೆಕ್ಷನ್ ಮಾಡುವ ಒಬ್ಬ ನುರಿತ ಅಟೆಂಡರ್, ಇಷ್ಟನ್ನು ಸಮಾಜ ಅವರಿಗೆ ಕೊಟ್ಟಿತ್ತು. ಈಗಿನವರಿಗೂ ಅದನ್ನು ಕೊಡಬೇಕು. ಕೊಡದೆ ಒಳ್ಳೆಯ ಮೇಷ್ಟರು ಬೇಕೆಂದು ಕೇಳುವುದು ನ್ಯಾಯವಲ್ಲ.

ಅಪ್ಪನ ಕಲ್ಲುಗಳನ್ನು ನಾವು ಅವರ ಹುಟ್ಟೂರಿನ ಕಡೆಯ ಒಂದು ಸರಕಾರಿ ಹೈಸ್ಕೂಲಿಗೆ ಕೊಟ್ಟೆವು, ಚೀಟಿಗಳ ಸಮೇತ. ಗಾಜಿನ ಬಾಗಿಲು ಬೇಡ, ಮಕ್ಕಳು ಮುಟ್ಟಿ ನೋಡಲಿ ಎಂದು ಕೇಳಿಕೊಂಡೆವು, ಮುಖ್ಯಾಧ್ಯಾಪಕರು ಒಪ್ಪಿದರು. ಓದುವವರಲ್ಲಿ ಮೇಷ್ಟರುಗಳಿದ್ದರೆ ಅವರಲ್ಲಿ ನನ್ನದೊಂದು ಬೇಡಿಕೆ. ಈ ಚಳಿಗಾಲದಲ್ಲಿ ನಿಮ್ಮ ಮಕ್ಕಳನ್ನು ಊರ ಹತ್ತಿರದ ಯಾವುದಾದರೂ ಬಂಡೆಗೆ, ಹಳ್ಳದ ದಂಡೆಗೆ, ಹಳೆಯ ಕಲ್ಲಿನ ಖಣಿಗೆ, ಏನೂ ಇಲ್ಲದಿದ್ದರೆ ಬಾವಿಯ ಕಟ್ಟೆಗೆ ಕರೆದುಕೊಂಡು ಹೋಗಿ. ಒಂದೊಂದು ನೋಟ್‌ಬುಕ್ಕು ಕೊಡಿ, ನಡುವೆ ತೆರೆಯಿಸಿ, ಎಡಪುಟದಲ್ಲಿ ಕಂಡದ್ದನ್ನು ಬರೆಯಲು ಹೇಳಿ. ಅವರು ಬರೆದು ಮುಗಿಸುವವರೆಗೆ ಆ ಕಲ್ಲಿನ ಹೆಸರನ್ನು ದಯವಿಟ್ಟು ಹೇಳಬೇಡಿ.